ಹ್ಯಾಂಡ್‌ಪೋಸ್ಟಿನಿಂದ ಕೀಬೋರ್ಡಿನವರೆಗೆ: ತೇಜಸ್ವಿ ಮತ್ತು ಕನ್ನಡದ ಡೀಫಾಲ್ಟ್



ಹೊಸ ಲ್ಯಾಪ್‌ಟಾಪ್ ತಗೊಂಡ ಮೊದಲ ದಿನ ನಾವೆಲ್ಲ ಏನ್ ಮಾಡ್ತೀವಿ? ವಿಎಸ್ ಕೋಡ್ ಹಾಕ್ಕೊಂಡು, ಥೀಮ್ ಕಪ್ಪು ಮಾಡ್ಕೊಂಡು, ಟ್ಯಾಬ್‌ಗೆ ಎರಡು ಸ್ಪೇಸಾ ನಾಲ್ಕಾ ಅಂತ ಹಾಸ್ಟೆಲಿನಲ್ಲಿ ಜಗಳ ಆಡ್ತೀವಿ. ಆಮೇಲೆ ನಾಲ್ಕು ವರ್ಷ ಸೆಟ್ಟಿಂಗ್ಸ್ ಕಡೆ ತಲೆ ಹಾಕಿ ಮಲಗೋದೂ ಇಲ್ಲ. ಹೆಚ್ಚಿನವರು ಮೊದಲ ದಿನವೂ ಮುಟ್ಟೋದಿಲ್ಲ. ಬಂದದ್ದು ಬಂದ ಹಾಗೇ ನಡೆಯುತ್ತೆ. ಡೀಫಾಲ್ಟ್ ಅನ್ನೋ ಸಣ್ಣ ಪದಕ್ಕೆ ಅಷ್ಟು ದೊಡ್ಡ ಶಕ್ತಿ ಇರೋದು ಇದಕ್ಕೇ. ನಾವು ಯೋಚನೆ ಮಾಡದೇ ಇದ್ದಾಗ ನಮ್ಮ ಪರವಾಗಿ ಬೇರೆ ಯಾರೋ ಮಾಡಿಟ್ಟ ತೀರ್ಮಾನ ಅದು.

ಆ ತೀರ್ಮಾನದಲ್ಲಿ ಕನ್ನಡಕ್ಕೆ ಜಾಗ ಇರಬೇಕು ಅಂತ ಹಠ ಹಿಡಿದವರು ಹಲವರು. ಅವರಲ್ಲಿ ಒಬ್ಬರು ಕಂಪ್ಯೂಟರ್ ಸೈನ್ಸ್ ಓದಿದವರಲ್ಲ, ಬೆಂಗಳೂರಿನಲ್ಲೂ ಇರಲಿಲ್ಲ. ಮೂಡಿಗೆರೆ ಪಕ್ಕದಲ್ಲಿ ಕಾಫಿ ಬೆಳೆಯುತ್ತಿದ್ದರು. ಹೆಸರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ಕರ್ವಾಲೋ ಬರೆದ ತೇಜಸ್ವಿ ನಮಗೆಲ್ಲ ಗೊತ್ತು. ಹಕ್ಕಿ ಫೋಟೋ ತೆಗೆದ, ಮೀನು ಹಿಡಿಯಲು ಹೊಳೆ ದಡದಲ್ಲಿ ಗಂಟೆಗಟ್ಟಲೆ ಕೂತ ತೇಜಸ್ವಿಯೂ ಗೊತ್ತು. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕೂರಬೇಕು ಅಂತ ಕೊನೆಯ ವರ್ಷಗಳನ್ನು ಸವೆಸಿದ ತೇಜಸ್ವಿ ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಎಂಜಿನಿಯರಿಂಗ್ ಓದುವ ನಮಗೆ ಮೊದಲು ಗೊತ್ತಾಗಬೇಕಿದ್ದದ್ದು ಅದೇ. ನಾನು ಕಳಸದ ಕಡೆಯವನು. ಪ್ರತಿ ಸಲ ಊರಿಗೆ ಹೋಗುವಾಗ ಬಸ್ಸು ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ತಿರುಗಿ ಘಟ್ಟದ ದಾರಿ ಹಿಡಿಯುತ್ತೆ. ಅವರು ಬದುಕಿದ ದಾರಿ ಅದು. ಹಾಗಾಗಿ ಈ ಸಲದ ಸಂಚಿಕೆಗೆ ಅವರ ಬಗ್ಗೆಯೇ ಬರೀತೀನಿ ಅಂತ ಒಪ್ಪಿಕೊಂಡೆ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಕುವೆಂಪು ಮತ್ತು ಹೇಮಾವತಿ ದಂಪತಿಯ ಹಿರಿಯ ಮಗ. ಕುಟುಂಬದ ಮೂಲ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ, ಬೆಳೆದದ್ದು ಹೆಚ್ಚಾಗಿ ಮೈಸೂರಿನಲ್ಲಿ. ಅಪ್ಪ ಆಗಲೇ ನಾಡಿಗೆಲ್ಲ ಗೊತ್ತಿದ್ದ ಕವಿ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿ. ಮಾನಸಗಂಗೋತ್ರಿ ಕಟ್ಟಿದವರು, ಕಾಲೇಜಿನ ಪಾಠ ಕನ್ನಡದಲ್ಲೂ ನಡೆಯಬೇಕು ಅಂತ ಪಠ್ಯಪುಸ್ತಕ ಬರೆಸಿದವರು. ಮಗ ಅದೇ ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದರು. ಇಲ್ಲಿಂದ ಮುಂದಿನ ದಾರಿ ಎಲ್ಲರಿಗೂ ಕಾಣುವಂಥದ್ದು: ಒಂದು ಲೆಕ್ಚರರ್ ಕೆಲಸ, ಆಮೇಲೆ ಪ್ರೊಫೆಸರ್, ಮೈಸೂರಿನಲ್ಲಿ ಒಂದು ಮನೆ. ಅವರ ಪಾಲಿಗೆ ಬಂದಿದ್ದ ಡೀಫಾಲ್ಟ್ ಸೆಟ್ಟಿಂಗ್ ಅದು ಅನ್ನಬಹುದು.

ತೇಜಸ್ವಿ ಅದನ್ನು ಬದಲಾಯಿಸಿದರು. 1960ರ ದಶಕದಲ್ಲಿ ಮೂಡಿಗೆರೆ ತಾಲ್ಲೂಕಿಗೆ ಬಂದು ಭೂತನಕಾಡಿನ ಬಳಿ ತೋಟ ಮಾಡಿದರು. ಅದಕ್ಕೆ ಚಿತ್ರಕೂಟ ಅಂತ ಹೆಸರಿಟ್ಟರು. ಈಗ ನಾವು ಕಾಫಿ ತೋಟ ಅಂದರೆ ಹೋಂಸ್ಟೇ ಅಂದ್ಕೋತೀವಿ. ಆಗಿನ ಕಥೆ ಬೇರೆ. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡೋದಿಲ್ಲ, ದಾರಿ ಕೆಸರು, ಕರೆಂಟು ಫೋನು ನೆಚ್ಚಿಕೊಳ್ಳುವ ಹಾಗಿಲ್ಲ. ಕಳೆ, ಮರಗಸಿ, ಕೊಯ್ಲು, ಹೂವಿನ ಮಳೆ ಬಂತೋ ಇಲ್ಲವೋ ಅನ್ನೋ ಚಿಂತೆ, ಇವೆಲ್ಲ ಗೊತ್ತಿದ್ದವರಿಗೇ ಗೊತ್ತು. ಅಂಥ ಕಡೆ ಎಂ.ಎ. ಓದಿದ ಹುಡುಗ ಬಂದು ನಿಂತಿದ್ದು ಊರವರಿಗೂ ಆಶ್ಚರ್ಯವೇ ಆಗಿರಬೇಕು.

1966ರಲ್ಲಿ ರಾಜೇಶ್ವರಿ ಅವರೊಂದಿಗೆ ಮದುವೆ. ಪುರೋಹಿತರಿಲ್ಲ, ಅದ್ದೂರಿ ಇಲ್ಲ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ ನಡೆದ ಮದುವೆ. ಅಲ್ಲೂ ರೂಢಿಯಲ್ಲಿದ್ದದ್ದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮುಂದೆ ಹ್ಯಾಂಡ್‌ಪೋಸ್ಟ್ ಹತ್ತಿರದ ತೋಟಕ್ಕೆ ಬಂದರು. ಆ ಮನೆಯ ಹೆಸರು ನಿರುತ್ತರ. ಕೊನೆಯವರೆಗೂ ಅಲ್ಲೇ ಇದ್ದರು.

ಬರವಣಿಗೆಯಲ್ಲೂ ಅದೇ ಸ್ವಭಾವ. ಅವರು ಬರೆಯಲು ಶುರು ಮಾಡಿದಾಗ ಕನ್ನಡದಲ್ಲಿ ನವ್ಯದ ಅಬ್ಬರ. ಒಳಮನಸ್ಸಿನ ತಳಮಳ, ಒಂಟಿತನ, ಸಾಂಕೇತಿಕ ಭಾಷೆ. ಅವರೂ ಮೊದಲು ಆ ದಾರಿಯಲ್ಲೇ ನಾಲ್ಕು ಹೆಜ್ಜೆ ಹಾಕಿದರು. 1973ರ ಹೊತ್ತಿಗೆ, ಅಬಚೂರಿನ ಪೋಸ್ಟಾಫೀಸು ಕಥಾಸಂಕಲನ ಬಂದಾಗ, ಆ ದಾರಿ ಇನ್ನು ಸಾಕು ಅಂತ ಮುನ್ನುಡಿಯಲ್ಲೇ ಸಾರಿದರು. ಕುವೆಂಪು ಅವರ ಕಲೆ, ರಾಮಮನೋಹರ ಲೋಹಿಯಾ ಅವರ ಚಿಂತನೆ, ಶಿವರಾಮ ಕಾರಂತರ ಬದುಕಿನ ಪ್ರಯೋಗಶೀಲತೆ, ಈ ಮೂರು ತಮ್ಮನ್ನು ರೂಪಿಸಿದವು ಅಂತ ಹೇಳಿಕೊಂಡರು. ಸಮಾಜವಾದಿ ಚಳವಳಿ, ರೈತ ಚಳವಳಿ ಎರಡರಲ್ಲೂ ಓಡಾಡಿದ್ದರು. ಹಾಗಾಗಿ ತಬರನಂಥ ಮನುಷ್ಯ ಕಚೇರಿಯಿಂದ ಕಚೇರಿಗೆ ಅಲೆಯುವ ಕಥೆ ಅವರ ಕೈಯಲ್ಲಿ ಅಷ್ಟು ಸಹಜವಾಗಿ ಬಂತು.

1980ರಲ್ಲಿ ಕರ್ವಾಲೋ ಬಂತು. ಓದದವರಿಗಾಗಿ ಒಂದು ಮಾತು: ಮೂಡಿಗೆರೆಯಲ್ಲಿ ಕರ್ವಾಲೋ ಅನ್ನೋ ವಿಜ್ಞಾನಿ ಇದ್ದಾರೆ, ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡಿಗೆ ಹೊರಡುತ್ತಾರೆ. ಅದನ್ನು ಕಂಡವನು ಮಂದಣ್ಣ, ಜೇನು ಹಿಡಿಯುವ ಹಳ್ಳಿ ಹುಡುಗ. ಊರವರ ಕಣ್ಣಲ್ಲಿ ಉಂಡಾಡಿ ಗುಂಡ. ವಿಜ್ಞಾನಿಯ ಕಣ್ಣಲ್ಲಿ ಅವನು ಹುಟ್ಟು ನಿಸರ್ಗತಜ್ಞ. ಕಾಡಿನ ಬಗ್ಗೆ ಅವನಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ. ಈ ಮಂದಣ್ಣನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತಾನೆ.

ಆಮೇಲೆ ಚಿದಂಬರ ರಹಸ್ಯ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪರಿಸರದ ಕಥೆ, ಜುಗಾರಿ ಕ್ರಾಸ್, ಅಪ್ಪನ ಬಗ್ಗೆ ಅಣ್ಣನ ನೆನಪು. ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದರು. ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ಮಿಲೇನಿಯಮ್ ಸರಣಿಯ 16 ಪುಸ್ತಕಗಳು ಬಂದವು: ಖಗೋಳ, ಮಹಾಯುದ್ಧ, ದ್ವೀಪಗಳು, ಸಾಹಸಯಾತ್ರೆಗಳು. ಸಣ್ಣ ಪುಸ್ತಕ, ಸುಲಭ ಕನ್ನಡ. ಜಗತ್ತಿನಲ್ಲಿ ಗೊತ್ತಿರೋದು ಕನ್ನಡ ಮಾತ್ರ ಬಲ್ಲ ಹುಡುಗನಿಗೂ ಸಿಗಬೇಕು ಅನ್ನೋ ಆಸೆ ಆ ಸರಣಿಯ ಉದ್ದಕ್ಕೂ ಕಾಣುತ್ತೆ. ಅಪ್ಪ ಕುಲಪತಿಯಾಗಿ ಪಠ್ಯಪುಸ್ತಕದ ಮೂಲಕ ಮಾಡಲು ಹೊರಟದ್ದನ್ನು ಮಗ ತೋಟದಲ್ಲಿ ಕೂತು ತನ್ನ ರೀತಿಯಲ್ಲಿ ಮಾಡಿದರು.

ಹೀಗೆ ಮಾಡ್ತಾ ಇದ್ದವರಿಗೆ ಕಂಪ್ಯೂಟರ್ ಎದುರಾಯಿತು. ಕ್ಯಾಮೆರಾ, ಸಿತಾರ್, ಗಾಳ, ಕುಂಚ ಎಲ್ಲವನ್ನೂ ಬಿಚ್ಚಿ ನೋಡುವ ಕುತೂಹಲದ ಮನುಷ್ಯ ಕಂಪ್ಯೂಟರನ್ನು ಬಿಡ್ತಾರಾ? ಚಿತ್ರ, ಪುಟವಿನ್ಯಾಸ ಅಂತ ಅದರೊಳಗೆ ಇಳಿದರು. ಇಳಿದ ಮೇಲೆ ಕನ್ನಡ ಅಲ್ಲಿ ಯಾವ ಸ್ಥಿತಿಯಲ್ಲಿದೆ ಅನ್ನೋದು ಕಾಣಿಸಿತು.

ಆ ಸ್ಥಿತಿ ಹೇಗಿತ್ತು ಅಂತ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ, ಮೇನ್‌ಫ್ರೇಮ್ ಕಾಲಕ್ಕೆ ಹೋಗಬೇಕು. ಬೋರ್ ಆಗಲ್ಲ, ಬನ್ನಿ. ನಮ್ಮ ಸೀನಿಯರ್‌ಗಳಲ್ಲಿ ಹಲವರಿಗೆ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮ್ ಪ್ರಾಜೆಕ್ಟು ಸಿಗುತ್ತೆ. ಅವರು ದಿನವೂ ತೆರೆಯೋದು ಐಎಸ್‌ಪಿಎಫ್ ಅನ್ನೋ ಎಡಿಟರ್. ಅದರ ಪರದೆ ಮೂಲತಃ 24 ಸಾಲು, 80 ಕಾಲಂ. 80 ಯಾಕೆ? 1928ರಲ್ಲಿ ಐಬಿಎಂ ತಂದ ಪಂಚ್ ಕಾರ್ಡಿನಲ್ಲಿ 80 ಕಾಲಂ ಇತ್ತು, ಅದಕ್ಕೆ. ಕೋಬಾಲ್ ಬರೆದರೆ 73ರಿಂದ 80ನೇ ಕಾಲಂ ಬಿಟ್ಟುಬಿಡಬೇಕು. ಯಾಕೆ? ಕಾರ್ಡಿನ ಕಟ್ಟು ಕೈತಪ್ಪಿ ಬಿದ್ದು ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಲು ಅಲ್ಲಿ ಕ್ರಮಸಂಖ್ಯೆ ಹಾಕ್ತಿದ್ದರು. ಕಾರ್ಡು ಹೋಗಿ ಎಷ್ಟೋ ಕಾಲ ಆಯ್ತು, ಡೀಫಾಲ್ಟ್ ಉಳಿದುಕೊಂಡಿದೆ.

ಅದೇ ಎಡಿಟರಿನಲ್ಲಿ ಕ್ಯಾಪ್ಸ್ ಅನ್ನೋ ಸೆಟ್ಟಿಂಗ್ ಇದೆ. ಆನ್ ಆಗಿದ್ದರೆ ನೀವು ಸಣ್ಣಕ್ಷರದಲ್ಲಿ ಏನೇ ಹೊಡೆಯಿರಿ, ಎಂಟರ್ ಒತ್ತಿದ ಕೂಡಲೇ ಎಲ್ಲ ದೊಡ್ಡಕ್ಷರ. ಕೋಬಾಲ್, ಜೆಸಿಎಲ್ ಬರೆಯುವವರಿಗೆ ಇದು ಅನುಕೂಲ, ಬುದ್ಧಿವಂತಿಕೆಯ ಡೀಫಾಲ್ಟ್. ಈಗ ಕನ್ನಡದ ಕೀಲಿಮಣೆ ನೆನಪಿಸಿಕೊಳ್ಳಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಎನ್ ಒತ್ತಿದರೆ ನ, ಶಿಫ್ಟ್ ಹಿಡಿದು ಎನ್ ಒತ್ತಿದರೆ ಣ. ಎಲ್ ಒತ್ತಿದರೆ ಲ, ಶಿಫ್ಟ್ ಜೊತೆ ಳ. ಕೆ, ಎಲ್, ಇ ಒತ್ತಿದರೆ ಕಲೆ. ಅದೇ ಮೂರು ಕೀಲಿ ದೊಡ್ಡಕ್ಷರವಾದರೆ ಖಳೇ. ಇಂಗ್ಲಿಷಿನವರಿಗೆ ದೊಡ್ಡಕ್ಷರ ಸಣ್ಣಕ್ಷರ ಒಂದೇ ಪದದ ಎರಡು ವೇಷ, ನಮಗೆ ಅವು ಬೇರೆ ಬೇರೆ ಅಕ್ಷರ. ಅಂದರೆ ಡೀಫಾಲ್ಟ್ ಸರಿಯಾಗಿದೆಯಾ ಅನ್ನೋ ಪ್ರಶ್ನೆಗೆ ಅರ್ಥ ಇಲ್ಲ. ಯಾರಿಗೆ ಸರಿಯಾಗಿದೆ ಅಂತ ಕೇಳಬೇಕು.

ಮೇನ್‌ಫ್ರೇಮಿನ ಎಬ್ಸಿಡಿಕ್ ಸಂಕೇತವಾಗಲಿ, ಪಿಸಿಗಳ ಆಸ್ಕಿಯಾಗಲಿ, ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಅದಕ್ಕೆ ನಮ್ಮವರು ಒಂದು ಉಪಾಯ ಹುಡುಕಿದರು. ಕಂಪ್ಯೂಟರಿನ ಮಟ್ಟಿಗೆ ಇಂಗ್ಲಿಷ್ ಅಕ್ಷರವೇ ಇರಲಿ, ಫಾಂಟಿನಲ್ಲಿ ಅದರ ಜಾಗಕ್ಕೆ ಕನ್ನಡದ ಚೂರುಗಳ ಚಿತ್ರ ಇಡೋಣ ಅಂತ. ಪುಸ್ತಕ, ಲಗ್ನಪತ್ರಿಕೆ, ಪತ್ರಿಕೆ ಎಲ್ಲ ಇದರಲ್ಲೇ ಅಚ್ಚಾದವು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವುಗಳಿಂದ ಸಾವಿರಾರು ಜನ ಮೊದಲ ಸಲ ಕಂಪ್ಯೂಟರಿನಲ್ಲಿ ಕನ್ನಡ ಬರೆದರು, ಆ ಉಪಕಾರ ಸಣ್ಣದಲ್ಲ. ಆದರೆ ಫಾಂಟ್ ಆಧಾರಿತ ಉಪಾಯದ ಮಿತಿ ಮಿತಿಯೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕ ಇದ್ದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟು ಹಾಕಿಸಿಕೊಂಡ ಎ. ಹುಡುಕಿದರೆ ಸಿಗೋದಿಲ್ಲ. ಅಕಾರಾದಿಯಾಗಿ ಜೋಡಿಸು ಅಂದರೆ ಗೊತ್ತಾಗೋದಿಲ್ಲ. ಡೇಟಾಬೇಸಿಗೆ ಅದು ಕನ್ನಡ ಅಂತಲೇ ತಿಳಿಯೋದಿಲ್ಲ. ಕಣ್ಣಿಗೆ ಮಾತ್ರ ಕನ್ನಡ.

ತೇಜಸ್ವಿಗೆ ಚುಚ್ಚಿದ್ದು ಇದು. ಮುದ್ರಣಕ್ಕೆ ಆದರೆ ಸಾಕು ಅಂತ ಅವರು ಸುಮ್ಮನಿರಬಹುದಿತ್ತು, ಅವರ ಪುಸ್ತಕಗಳು ಹೇಗೂ ಅಚ್ಚಾಗ್ತಿದ್ದವು. ಆದರೆ ಮುಂದೆ ಆಡಳಿತ, ವ್ಯಾಪಾರ, ವಿಜ್ಞಾನ ಎಲ್ಲ ಕಂಪ್ಯೂಟರಿನ ಮೂಲಕವೇ ನಡೆಯುತ್ತೆ, ಅಲ್ಲಿ ಬಳಕೆಗೆ ಬಾರದ ಭಾಷೆ ಮನೆಮಾತಾಗಿ ಕುಗ್ಗಿ ಕೊನೆಗೆ ಇಲ್ಲವಾಗುತ್ತೆ ಅನ್ನೋ ಆತಂಕ ಅವರದು. ಪತ್ರಿಕೆಗಳಲ್ಲಿ ಬರೆದರು, ಸಭೆಗಳಲ್ಲಿ ಮಾತಾಡಿದರು. ಸಭೆ ಸಮಾರಂಭ ಅಂದರೆ ದೂರ ಇರುತ್ತಿದ್ದ ಮನುಷ್ಯ ಈ ಒಂದು ವಿಷಯಕ್ಕೆ ತೋಟ ಬಿಟ್ಟು ಓಡಾಡಿದರು.

ಬರೀ ಮಾತಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಮಾರ್ಗದರ್ಶನದಲ್ಲಿ ಒಂದು ಕನ್ನಡ ತಂತ್ರಾಂಶ ರೂಪಿಸಲು ಹೊರಟಿತು. ತಂತ್ರಾಂಶ ಬರೆದವರು ಹಾಸನದ ತಂತ್ರಜ್ಞರು. 2000ದ ದಶಕದ ಮಧ್ಯದಲ್ಲಿ ಅದು ಹೊರಬಂತು, ಕುವೆಂಪು ಕನ್ನಡ ತಂತ್ರಾಂಶ ಅನ್ನೋ ಹೆಸರಿನಲ್ಲಿ. ಒಂದು ಸಲ ಯೋಚನೆ ಮಾಡಿ: ಹಂಪಿಯ ವಿಶ್ವವಿದ್ಯಾಲಯ, ಹಾಸನದ ಪ್ರೋಗ್ರಾಮರ್‌ಗಳು, ಮೂಡಿಗೆರೆಯ ಕಾಫಿ ಬೆಳೆಗಾರ. ಐಟಿ ಅಂದರೆ ವೈಟ್‌ಫೀಲ್ಡ್ ಅಂದುಕೊಂಡಿರುವ ನಮಗೆ ಈ ಪಟ್ಟಿ ಸ್ವಲ್ಪ ನಾಚಿಕೆ ತರಿಸಬೇಕು.

ಇಲ್ಲಿ ಮಂದಣ್ಣನನ್ನು ಕರೀತೀನಿ. ಇದು ನನ್ನ ಸ್ವಂತ ಓದು, ಒಪ್ಪದಿದ್ದರೆ ಕ್ಯಾಂಟೀನಿನಲ್ಲಿ ಸಿಗಿ, ಮಾತಾಡೋಣ. ಕರ್ವಾಲೋ ಕಾದಂಬರಿಯಲ್ಲಿ ಮಂದಣ್ಣನಿಗೆ ಗೊತ್ತಿದ್ದದ್ದು ಜಗತ್ತಿಗೆ ತಲುಪಬೇಕಾದರೆ ನಡುವೆ ಕರ್ವಾಲೋ ಇರಬೇಕಾಯಿತು. ಇಂಗ್ಲಿಷ್ ಬಲ್ಲ, ಮಂದಣ್ಣನನ್ನೂ ಬಲ್ಲ ಒಬ್ಬ ಮನುಷ್ಯ. ಅಂಥವರು ಎಲ್ಲ ಊರಲ್ಲೂ ಸಿಗೋದಿಲ್ಲ. ಕಂಪ್ಯೂಟರ್ ತಾನೇ ಕನ್ನಡ ಓದಬಲ್ಲದು, ಬರೆಯಬಲ್ಲದು, ಹುಡುಕಬಲ್ಲದು ಅಂತಾದರೆ ಮಂದಣ್ಣ ನೇರವಾಗಿ ಬರೆಯಬಹುದು, ನೇರವಾಗಿ ಓದಬಹುದು. 1980ರ ಕಾದಂಬರಿಗೂ ಕೊನೆಯ ವರ್ಷಗಳ ತಂತ್ರಾಂಶದ ಓಡಾಟಕ್ಕೂ ನನಗೆ ಕಾಣುವ ನಂಟು ಇದು. ಭಾಷಾಭಿಮಾನದ ಘೋಷಣೆಗಿಂತ ಇದು ಆಳದ್ದು. ಗೊತ್ತಿರುವವನ ತಿಳಿವಳಿಕೆ ಭಾಷೆಯ ಕಾರಣಕ್ಕೆ ಹಾಳಾಗಬಾರದು ಅನ್ನೋ ಲೆಕ್ಕ.

2007ರ ಏಪ್ರಿಲ್ 5ರಂದು ನಿರುತ್ತರದಲ್ಲಿ ಹೃದಯಾಘಾತವಾಗಿ ತೇಜಸ್ವಿ ತೀರಿಕೊಂಡರು. 68 ವರ್ಷ. ಮಾಯಾಲೋಕ - 1 ಅಂತ ಪುಸ್ತಕ ತಂದಿದ್ದರು, ಎರಡನೆಯದು ಬರಲಿಲ್ಲ.

ಅವರು ಬಯಸಿದ್ದು ಮುಂದೆ ಎಷ್ಟು ನಿಧಾನವಾಗಿ ಬಂತು ನೋಡಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ 128 ಸಂಕೇತಗಳ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಕನ್ನಡ ಫಾಂಟ್ ಬಂತು. ಅಂದರೆ ಜಾಗ ಇತ್ತು, ಫಾಂಟ್ ಇತ್ತು. ಡೀಫಾಲ್ಟ್ ಮಾತ್ರ ಬದಲಾಗಿರಲಿಲ್ಲ. ನೋಟ್‌ಪ್ಯಾಡಿನಲ್ಲಿ ಕನ್ನಡ ಬರೆದು ಎಚ್ಚರಿಕೆಯನ್ನು ಓದದೆ ಸೇವ್ ಒತ್ತಿದರೆ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಹೊಸ ಫೈಲಿಗೆ ಯುಟಿಎಫ್-8 ಅನ್ನು ನೋಟ್‌ಪ್ಯಾಡ್ ತಾನಾಗಿ ಹಾಕಲು ಶುರು ಮಾಡಿದ್ದು 2019ರಲ್ಲಿ, ಅವರು ಹೋಗಿ 12 ವರ್ಷದ ಮೇಲೆ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಲ್ಯಾಟಿನ್-1 ಬಿಟ್ಟು ಯುಟಿಎಫ್-8ಕ್ಕೆ ಬಂದದ್ದು 2018ರ 8.0 ಆವೃತ್ತಿಯಲ್ಲಿ. ಜಾವಾ ಎಲ್ಲ ಕಡೆ ಅದನ್ನೇ ಡೀಫಾಲ್ಟ್ ಮಾಡಿದ್ದು 2022ರಲ್ಲಿ, 18ನೇ ಆವೃತ್ತಿಗೆ. ಅಷ್ಟೂ ವರ್ಷ ಕನ್ನಡ ಅಸಾಧ್ಯ ಆಗಿರಲಿಲ್ಲ. ಗೊತ್ತಿದ್ದವರು ಸೆಟ್ಟಿಂಗ್ ಬದಲಾಯಿಸಿ ಬರೀತಿದ್ದರು. ಗೊತ್ತಿಲ್ಲದವರು ಕನ್ನಡ ಬರೋದಿಲ್ಲ ಅಂತ ಇಂಗ್ಲಿಷಿಗೆ ಹೋದರು. ನಷ್ಟ ಆದದ್ದು ಅಲ್ಲಿ.

ಈಗ ನಮ್ಮ ಮಾತು. ಕಳೆದ ವರ್ಷ ನಾನೂ ಇಬ್ಬರು ಗೆಳೆಯರೂ ಮಿನಿ ಪ್ರಾಜೆಕ್ಟಿಗೆ ಕಾಫಿ ತೋಟದ ಹಾಜರಿ ಪುಸ್ತಕದ ಆ್ಯಪ್ ಮಾಡಿದೆವು. ಆಳುಗಳ ಹೆಸರು, ದಿನಗೂಲಿ, ಎಷ್ಟು ಕೆ.ಜಿ. ಹಣ್ಣು ಕೊಯ್ದರು ಅನ್ನೋ ಲೆಕ್ಕ. ರಜೆಯಲ್ಲಿ ಊರಿಗೆ ತಂದು ನಮ್ಮ ಚಿಕ್ಕಪ್ಪನಿಗೆ ಕೊಟ್ಟೆ. ಅವರು ಹೆಸರುಗಳನ್ನು ಕನ್ನಡದಲ್ಲಿ ಹಾಕಿ, ಪಟ್ಟಿಯನ್ನು ಫೈಲಿಗೆ ಇಳಿಸಲು ಹೋದರು. ಪೈಥಾನ್ ಎರರ್ ಕೊಟ್ಟು ಕೂತಿತು. ವಿಂಡೋಸಿನಲ್ಲಿ ಎನ್‌ಕೋಡಿಂಗ್ ಯಾವುದು ಅಂತ ಹೇಳದೆ ಫೈಲ್ ತೆರೆದಿದ್ದೆವು, ಅದು ಸಿಸ್ಟಮ್ಮಿನ ಹಳೇ ಡೀಫಾಲ್ಟ್ ಹಿಡಿದಿತ್ತು. ಒಂದೇ ಒಂದು ಪದ ಸೇರಿಸಿದ್ದರೆ ಸಾಕಿತ್ತು. ಡೆಮೊ ದಿನ ನಮಗೆ ಒಳ್ಳೇ ಮಾರ್ಕ್ಸೇ ಬಂದಿತ್ತು, ಯಾಕಂದರೆ ಅವತ್ತು ನಾವು ಹಾಕಿದ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಚಿಕ್ಕಪ್ಪ ಬೈಯಲಿಲ್ಲ. ಪರವಾಗಿಲ್ಲ ಬಿಡೋ ಅಂತ ಹಳೇ ಹಾಜರಿ ಪುಸ್ತಕವನ್ನೇ ಮತ್ತೆ ಎತ್ತಿಕೊಂಡರು. ಅದು ಬೈಗುಳಕ್ಕಿಂತ ಜಾಸ್ತಿ ನೋವಾಯಿತು.

ಆಗ ತೇಜಸ್ವಿ ಯಾಕೆ ಅಷ್ಟು ಸಿಡಿಮಿಡಿಗೊಂಡಿದ್ದರು ಅಂತ ಅರ್ಥ ಆಯ್ತು. ಅವರ ಕಾಲದಲ್ಲಿ ಡೀಫಾಲ್ಟ್ ಮಾಡುವವರು ಎಲ್ಲೋ ದೂರದ ದೇಶದಲ್ಲಿದ್ದರು. ಈಗ ಆ ಕುರ್ಚಿಯಲ್ಲಿ ನಾವೇ ಕೂತಿದ್ದೀವಿ. ಹಾಗಾಗಿ ದೊಡ್ಡ ಪ್ರತಿಜ್ಞೆ ಏನೂ ಬೇಡ, ಮೂರೇ ಕೆಲಸ. ಫೈಲ್ ತೆರೆಯುವಾಗ, ಡೇಟಾಬೇಸ್ ಕಟ್ಟುವಾಗ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ಟೆಸ್ಟ್ ಮಾಡುವಾಗ ಒತ್ತಕ್ಷರ ಇರುವ ಒಂದು ಕನ್ನಡ ಹೆಸರು ಹಾಕಿ ನೋಡಿ. ಲ್ಯಾಬಿನ ನಿಮ್ಮ ಕಂಪ್ಯೂಟರಿಗೆ ಕನ್ನಡ ಕೀಲಿಮಣೆ ಸೇರಿಸಿಬಿಡಿ, ನಿಮ್ಮ ನಂತರ ಕೂರುವ ಜೂನಿಯರ್‌ಗೆ ಅದು ಬಂದ ಹಾಗೇ ಇರಲಿ.

ಊರಿಗೆ ಹೋಗುವಾಗ ಕೊಟ್ಟಿಗೆಹಾರದಲ್ಲಿ ಬಸ್ಸು ನಿಲ್ಲುತ್ತೆ. ನೀರ್‌ದೋಸೆ ತಿಂದು, ಟೈಮ್ ಇದ್ದರೆ ಅಲ್ಲೇ ಇರುವ ತೇಜಸ್ವಿ ಪ್ರತಿಷ್ಠಾನಕ್ಕೂ ಹೋಗಿಬನ್ನಿ. ನಮ್ಮ ಆ್ಯಪ್ ಈಗ ಸರಿಯಾಗಿದೆ. ಈ ಕೊಯ್ಲಿಗೆ ಚಿಕ್ಕಪ್ಪನಿಗೆ ಮತ್ತೊಮ್ಮೆ ಕೊಡಬೇಕು.